ಗ್ರೀತಾಬಾಯಿಯ ಮನೆಯ ಮೇಲೆ ಹಾದ ಕೆಂಪು ಗೆರೆ

ಬಂದರು

ನೀರು ಮೇಲೆ, ಊರು ಕೆಳಗೆ. ಇದನ್ನು ನಾನು ಕಣ್ಣಾರೆ ನೋಡಿ ಬಂದವನು. ಆದರೂ ಉದಗೀರದ ಕಾಳಿನ ಪೇಟೆಯಲ್ಲಿ ಕುಂತು ಹೇಳಿದರೆ ಮಂದಿ ನಗುತ್ತಾರೆ. "ಸಾವಕಾರ್ರಿಗಿ ಹಡಗಿನ್ಯಾಗ ತಲಿ ತಿರಗ್ಯದ, ಇನ್ನಾ ನಿಂತಿಲ್ಲ" ಅಂತಾರೆ. ಅಂದರೆ ಅನ್ನಲಿ.

ಹಾಲಂಡ ದೇಶದ ಬಂದರಿನಲ್ಲಿ ಇಳಿದು ನಾನೂ ವಕೀಲರೂ ಮೋಟಾರಿನಲ್ಲಿ ಹೊರಟಿದ್ದೆವು. ದಾರಿಯ ಎಡಕ್ಕೆ ಉದ್ದಕ್ಕೂ ಒಂದು ಮಣ್ಣಿನ ಒಡ್ಡು. ಅದರ ಮೇಲೆ ಹುಲ್ಲು, ಹುಲ್ಲಿನಲ್ಲಿ ಕುರಿ. ನಮ್ಮ ಕಡೆಯ ಕೆರೆಯ ಒಡ್ಡಿನ ಹಾಂಗೆಯೇ ಇತ್ತು, ನಾನು ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ. ಅಷ್ಟರಲ್ಲಿ ಆ ಕುರಿಗಳ ಹಿಂದೆ, ನನ್ನ ತಲೆಗಿಂತ ಎಷ್ಟೋ ಎತ್ತರದಲ್ಲಿ, ಹೊಗೆ ಬಿಡುತ್ತ ಒಂದು ಹಡಗು ಹೋಯಿತು.

"ವಕೀಲಸಾಹೇಬ, ಹಡಗ ಗುಡ್ಡದ ಮ್ಯಾಲ ಹೊಂಟದಲ್ಲರೀ?"

"ಗುಡ್ಡಲ್ಲರೀ ಸಾವಕಾರ್ರ. ನೀರ ಮ್ಯಾಲ ಅದ. ನಾವ ಕೆಳಗ ಇದ್ದೀವಿ."

ನನ್ನ ಕೈ ತಾನೇ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ಸಮುದ್ರವನ್ನು ಆಚೆ ತಳ್ಳಿ, ಅದರ ತಳದಲ್ಲಿ ಗೋಧಿ ಬಿತ್ತಿ, ಆ ಗೋಧಿಯ ನಡುವೆ ಮನೆ ಕಟ್ಟಿಕೊಂಡು ಈ ಮಂದಿ ಹೆದರದೆ ನಿದ್ದೆ ಮಾಡುತ್ತಾರಲ್ಲ! ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಕಾಳಿನ ಚೀಲ ಹೊತ್ತು ಮೇಲೆ ಬಂದವನು ನಾನು. ಕಷ್ಟದ ಕೆಲಸ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆವತ್ತು ಆ ಒಡ್ಡಿಗೆ ಕೈ ಮುಗಿದೆ.

ನಾವು ಹೋದ ಕಾರಣ ಹೇಳಿಬಿಡುತ್ತೇನೆ. ಪೊಲೀಸ ಆಕ್ಶನ್ ಆಗಿ ನಿಜಾಮನ ಆಳಿಕೆ ಹೋಯಿತು. ಕೆಲವು ವರ್ಷಕ್ಕೆ ಹೈದರಾಬಾದ ರಾಜ್ಯವೂ ಹೋಯಿತು. ನೀವು ಇನ್ನು ಮುಂಬಯಿಯವರು ಅಂದರು, ಹೂಂ ಅಂದೆವು. ನಮ್ಮ ಅಕ್ಕನನ್ನು ಕೊಟ್ಟ ಭಾಲ್ಕಿ ಮೈಸೂರಿಗೆ ಹೋಯಿತು. ಪಂಚಮಿಗೆ ಆಕೆಗೆ ಉಂಡಿ ಒಯ್ಯಬೇಕಾದರೆ ಈಗ ರಾಜ್ಯ ದಾಟಬೇಕು. ಗೆರೆ ಎಲ್ಲಿಯೋ ಎಳೆಯುತ್ತಾರೆ, ನಮ್ಮ ಅಂಗಳದಲ್ಲಿ ಬಂದು ಬೀಳುತ್ತದೆ. ಇದರ ನಡುವೆ ಉಮರ್ಗಾ, ನಿಲಂಗಾ, ಉದಗೀರ ಊರುಗಳಿಗೆ ಹೊಸ ನಕಾಶೆ ಆಗಬೇಕು ಅನ್ನುವ ಮಾತು ಬಂತು. ಓಣಿ, ಪೇಟೆ, ಸಾಲಿ, ಗಟಾರ ಎಲ್ಲ ಸೇರಿ ಒಂದೇ ನಕಾಶೆ. ಊರಿನ ಮಂದಿಯೇ ಕೂಡಿ ಇಂಥ ನಕಾಶೆ ಮಾಡುವುದನ್ನು ನೋಡಿ ಬರ್ರಿ ಅಂತ ಪರದೇಶದ ಒಂದು ಸಂಘದವರು ಊರಿಗೆ ಒಬ್ಬರನ್ನು ಕರೆದರು. ಉದಗೀರದಲ್ಲಿ ಓದಿದವರು ನಾ ಹೋಗುತ್ತೇನೆ ನಾ ಹೋಗುತ್ತೇನೆ ಅಂತ ಜಗಳಾಡಿದರು. ಜಗಳ ಬಿಡಿಸಲಿಕ್ಕೆ ಹೋದ ನನ್ನನ್ನೇ ತಹಶೀಲದಾರ ಸಾಹೇಬರು ಆರಿಸಿದರು. ನಿಲಂಗಾದಿಂದ ವಿಠ್ಠಲರಾವ ವಕೀಲರು ಬಂದರು. ಉಮರ್ಗಾದಿಂದ ಒಬ್ಬ ಬೆಲ್ಲದ ವ್ಯಾಪಾರಿ ಮುಂಬಯಿಯವರೆಗೂ ಬಂದ, ಹಡಗು ನೋಡಿದ, "ಕಬ್ಬಣ ತೇಲತದ ಅಂದ್ರ ನಾ ನಂಬಂಗಿಲ್ರೀ" ಅಂದು ಅದೇ ರೈಲಿಗೆ ವಾಪಸ್ ಹತ್ತಿದ.

ಪರದೆ ಇಲ್ಲದ ಕಿಡಕಿ

ನಾವು ಇಳಿದ ಊರು ನಿಲಂಗಾದಷ್ಟು ದೊಡ್ಡದು. ಅದರ ಹೆಸರನ್ನು ಗಂಟಲಿನ ಕಫ ತೆಗೆಯುವ ಹಾಂಗೆ ಹೇಳಬೇಕು. ಎಷ್ಟು ಸಲ ಹೇಳಿದರೂ ಮಂದಿ ನನಗೆ ನೀರು ತಂದು ಕೊಡುತ್ತಿದ್ದರು, ಆಮೇಲೆ ಹೇಳುವುದು ಬಿಟ್ಟೆ. ಕೆಲವು ವರ್ಷದ ಹಿಂದೆ ಬಿರುಗಾಳಿಯಲ್ಲಿ ಹಳೆಯ ಒಡ್ಡು ಒಡೆದು ಸಮುದ್ರ ಊರೊಳಗೆ ಬಂದಿತ್ತು. ಮುಳುಗಿದ ಊರು ಈಗ ತನ್ನನ್ನು ತಾನೇ ಹೊಸದಾಗಿ ಬರೆದುಕೊಳ್ಳುತ್ತಿತ್ತು. ನಾವು ನೋಡಲಿಕ್ಕೆ ಬಂದದ್ದು ಅದನ್ನೇ.

ವಕೀಲರಿಗೆ ಸಾಲಿಯ ಮಾಸ್ತರರ ಮನೆಯಲ್ಲಿ ಇಳಿದುಕೊಳ್ಳುವ ವ್ಯವಸ್ಥೆ ಆಯಿತು, ನನಗೆ ಗ್ರೀತ್ ಅನ್ನುವ ವಿಧವೆಯ ಮನೆಯಲ್ಲಿ. ನಾನು ಗ್ರೀತಾಬಾಯಿ ಅಂದೆ. ಶಿವಲಿಂಗಪ್ಪ ಅನ್ನುವುದು ಆಕೆಯ ಬಾಯಿಗೆ ಹಿಡಿಯಲಿಲ್ಲ, ಆಕೆ ಶಿವಾ ಅಂದಳು. ನಮ್ಮ ಅವ್ವ ತೀರಿಕೊಂಡ ಮೇಲೆ ಹಾಂಗೆ ಕರೆದವರು ಇರಲಿಲ್ಲ. ಎತ್ತರದ ಹೆಂಗಸು, ಕೆಂಪು ಗಲ್ಲ, ಬಿಳೀ ಟೊಪ್ಪಿಗೆ, ಕಟ್ಟಿಗೆಯ ಬೂಟು. ಆಕೆ ಅಂಗಳದಲ್ಲಿ ನಡೆದರೆ ಕುದುರೆ ಬಂದಂತೆ ಸಪ್ಪಳ.

ಮಾಂಸ ತಿನ್ನುವುದಿಲ್ಲ ಅಂತ ಮಾಸ್ತರರ ಕಡೆಯಿಂದ ಹೇಳಿಸಿದೆ. ಆಕೆ ಹೂಂ ಅಂತ ತಲೆ ಹಾಕಿ, ನಗುತ್ತ, ಬಾಲ ಸಮೇತ ಒಂದು ಮೀನು ತಂದಿಟ್ಟಳು.

"ಮಾಂಸ ಬ್ಯಾಡಂದಿಯಲ್ಲ, ಇದು ಮೀನ ಅದ" ಅಂದಳಂತೆ.

ಆಕೆಯ ಮಾತು ಮಾಸ್ತರರ ಬಾಯಿಯಲ್ಲಿ ಇಂಗ್ಲಿಷ್ ಆಗಿ, ವಕೀಲರ ಬಾಯಿಯಲ್ಲಿ ನಮ್ಮ ಮಾತಾಗಿ ನನ್ನ ಹತ್ತಿರ ಬರುತ್ತಿತ್ತು. ಬರುವಷ್ಟರಲ್ಲಿ ಊಟ ಆರಿರುತ್ತಿತ್ತು. ಕಡೆಗೆ ಆಲೂಗಡ್ಡೆ, ರೊಟ್ಟಿ, ಹಾಲು ಅಂತ ಇಬ್ಬರಿಗೂ ಒಪ್ಪಂದ ಆಯಿತು. ಅಲ್ಲಿಯ ರೊಟ್ಟಿಯ ಬಗ್ಗೆ ನಾನು ಏನೂ ಅನ್ನುವುದಿಲ್ಲ. ಉಬ್ಬಿದ ಅರಳೆಯ ಹಾಂಗೆ ಇರುತ್ತದೆ.

ಆ ದೇಶದಲ್ಲಿ ಕಿಡಕಿಗೆ ಪರದೆ ಎಳೆಯುವುದಿಲ್ಲ. ಓಣಿಯಲ್ಲಿ ನಡೆದರೆ ಯಾರು ಏನು ಉಣ್ಣುತ್ತಿದ್ದಾರೆ, ಯಾವ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಎಲ್ಲ ಕಾಣಿಸುತ್ತದೆ. ನಮ್ಮ ವಾಡೆಗಳನ್ನು ನೆನೆಸಿಕೊಳ್ಳಿ. ಓಣಿಯ ಕಡೆಗೆ ಬರೀ ಗೋಡೆ, ಕಿಡಕಿ ಇದ್ದರೆ ಆನೆಯ ಕಣ್ಣಿನಷ್ಟು. ಮೊದಲ ಮುಂಜಾನೆ ನಾನು ಮೈ ತೊಳೆದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕುಂತೆ. ಕಣ್ಣು ತೆರೆದರೆ ಕಿಡಕಿಯ ಆಚೆ ಒಬ್ಬ ಹಾಲಿನವನು ನಿಂತಿದ್ದಾನೆ! ನಾನು ಗಾಬರಿಯಾದೆ. ಆತ ಮಾತ್ರ ಟೊಪ್ಪಿಗೆ ತೆಗೆದು, ತಲೆ ಬಾಗಿಸಿ, ಸೈಕಲ್ ಹತ್ತಿ ಹೋದ. ಮರುದಿನದಿಂದ ಅಲ್ಲಿ ಹಾಯುವಾಗೆಲ್ಲ ಗಂಟೆ ಬಾರಿಸುವುದನ್ನು ಬಿಟ್ಟ.

ಗ್ರೀತಾಬಾಯಿಯ ಮನೆ ಹಳೆಯ ಒಡ್ಡಿನ ಹತ್ತಿರ, ಸ್ವಲ್ಪ ದಿಬ್ಬದ ಮೇಲೆ ಇತ್ತು. ನೀರು ಬಂದ ದಿನ ಊರಿನ ಎಷ್ಟೋ ಮಂದಿ ಈ ಮನೆಯ ಅಟ್ಟ ಹತ್ತಿ ಜೀವ ಉಳಿಸಿಕೊಂಡಿದ್ದರು. ಆಕೆ ಅಟ್ಟದ ಮೇಲೆಯೇ ಅವರಿಗೆಲ್ಲ ಆಲೂಗಡ್ಡೆ ಬೇಯಿಸಿ ಹಾಕಿದ್ದಳಂತೆ. ಮಗ ಕೋಬ ಹೆಂಡತಿ ಮಕ್ಕಳೊಂದಿಗೆ ಕೆಳಗಿನ ಓಣಿಯಲ್ಲಿ ಇದ್ದ, ಬಡಿಗತನ ಮಾಡುತ್ತಿದ್ದ. ದಿನಾ ಸಂಜೆ ಬಂದು ಅವ್ವನಿಗೆ ಒಲೆಯ ಕಟ್ಟಿಗೆ ಒಡೆದಿಟ್ಟು ಹೋಗುವನು.

ಈ ಮನೆಗೇ ಕುತ್ತು ಬಂದಿತ್ತು. ನಕಾಶೆಯಲ್ಲಿ ಹೊಸ ಒಡ್ಡನ್ನು ಕೆಂಪು ಗೆರೆಯಿಂದ ತೋರಿಸಿದ್ದರು. ಗೆರೆ ಸೀದಾ ಬಂದು ಗ್ರೀತಾಬಾಯಿಯ ಅಡಿಗೆಮನೆಯ ಮೇಲೆ ಹಾಯ್ದು ಹೋಗಿತ್ತು. ಮನೆ ಬೀಳಿಸಬೇಕು. ಆಕೆ ಕೇಳುತ್ತಿದ್ದದ್ದು ಒಂದೇ: ಒಡ್ಡನ್ನು ಸ್ವಲ್ಪ ಬಾಗಿಸಿ ನನ್ನ ಮನೆಯನ್ನು ಸುತ್ತಿ ಹೋಗಲಿ. ಆ ವಾರ ಊರು ಕೂಡಿ ಇದನ್ನು ತೀರ್ಮಾನ ಮಾಡುವುದಿತ್ತು.

ದನದ ಸಂತೆ

ಅದಕ್ಕಿಂತ ಮೊದಲು ನನ್ನ ಫಜೀತಿ ಒಂದು ಹೇಳಬೇಕು. ಸಂತೆಯ ದಿನ ಗ್ರೀತಾಬಾಯಿ ಒಂದು ಆಕಳು ಕೊಳ್ಳಲಿಕ್ಕೆ ಹೊರಟಳು, ನಮ್ಮನ್ನೂ ಕರೆದಳು. ಅಲ್ಲಿ ಇಬ್ಬರು ದಪ್ಪ ದಪ್ಪ ಗಂಡಸರು ಎದುರಾಬದುರು ನಿಂತು, ಕೂಗುತ್ತ, ಒಬ್ಬರ ಅಂಗೈಗೆ ಒಬ್ಬರು ಪಟ್ ಪಟ್ ಅಂತ ಹೊಡೆಯುತ್ತಿದ್ದರು. ಮಂದಿ ಸುತ್ತ ನಿಂತು ನೋಡುತ್ತಿದ್ದರು, ಯಾರೂ ಬಿಡಿಸುತ್ತಿಲ್ಲ. ಉದಗೀರದ ಪೇಟೆಯಲ್ಲಿ ಜಗಳ ಬಿಡಿಸಿ ನನಗೆ ರೂಢಿ. ರುಮಾಲು ಬಿಗಿ ಮಾಡಿಕೊಂಡು ನಡುವೆ ಹೊಕ್ಕು ಇಬ್ಬರ ಎದೆಗೂ ಕೈ ಕೊಟ್ಟು ದೂಡಿದೆ.

"ಬಿಡ್ರೋ, ಬಿಡ್ರಿ! ಮರ್ಯಾದಿಸ್ಥರಿದ್ದೀರಿ, ನಡು ಪ್ಯಾಟ್ಯಾಗ ಏನಿದು!"

ಸಂತೆಗೆ ಸಂತೆಯೇ ನಕ್ಕಿತು. ಆಕಳೂ ನನ್ನನ್ನೇ ನೋಡಿತು. ಅವರು ಜಗಳಾಡುತ್ತಿರಲಿಲ್ಲ, ವ್ಯಾಪಾರ ಮಾಡುತ್ತಿದ್ದರು. ಒಬ್ಬ ಬೆಲೆ ಕೂಗಿ ಕೈ ಹೊಡೆಯುತ್ತಾನೆ, ಇನ್ನೊಬ್ಬ ತನ್ನ ಬೆಲೆ ಕೂಗಿ ತಿರುಗಿ ಹೊಡೆಯುತ್ತಾನೆ, ಎರಡೂ ಕೂಡಿದಾಗ ಕೈ ಹಿಡಿದುಕೊಳ್ಳುತ್ತಾರೆ.

ನನಗೆ ನಾಚಿಕೆಯಾದರೂ ಸೋಲಲಿಕ್ಕೆ ಮನಸ್ಸಿರಲಿಲ್ಲ. ರುಮಾಲು ಬಿಚ್ಚಿ ವಕೀಲರ ಕೈ ಮೇಲೆ ಹಾಕಿ, ಅದರ ಕೆಳಗೆ ಬೆರಳು ಹಿಡಿದು ನಮ್ಮ ಎತ್ತಿನ ವ್ಯಾಪಾರ ಮಾಡಿ ತೋರಿಸಿದೆ. ಎರಡು ಬೆರಳು ಹಿಡಿದರೆ ಒಂದು ಬೆಲೆ, ಮೂರು ಹಿಡಿದರೆ ಇನ್ನೊಂದು. ಬಾಯಿ ಪಿಟಕ್ ಅನ್ನುವುದಿಲ್ಲ.

ಗ್ರೀತಾಬಾಯಿ ರುಮಾಲಿನ ಅಂಚು ಎತ್ತಿ ಒಳಗೆ ಬಗ್ಗಿ ನೋಡಿದಳು. "ಮುಚ್ಚೂದ್ಯಾಕ?"

"ನನ್ನ ಮಾಲ ಕಡಿಮಿಗಿ ಕೇಳಿದಾಂವಗ ನಾ ಒಲ್ಲೆ ಅಂದ್ರ ನಾಲ್ಕ ಮಂದ್ಯಾಗ ಅಂವನ ಮಾನ ಹೋಗಬಾರದು, ಅದಕ್ಕ" ಅಂದೆ.

"ನಮ್ಮಲ್ಲಿ ನಾಲ್ಕ ಮಂದ್ಯಾಗ ಅಂದದ್ದು ನಾಳಿಗಿ ಅಂದಿಲ್ಲ ಅನ್ನಲಿಕ್ಕ ಬರಂಗಿಲ್ಲ" ಅಂದಳು ಆಕೆ.

ನನ್ನದೂ ಸುಳ್ಳಲ್ಲ, ಆಕೆಯದೂ ಸುಳ್ಳಲ್ಲ. ಆದರೆ ಊರಿನ ಗೆರೆ ಎಳೆಯುವಾಗ ಯಾವ ಪದ್ಧತಿ ಬೇಕು ಅನ್ನುವ ಪ್ರಶ್ನೆ ಆ ಹೊತ್ತು ತಲೆಯಲ್ಲಿ ಹೊಕ್ಕಿತು, ಹೊರಬೀಳಲಿಲ್ಲ.

ಅಂಗಳದಷ್ಟು ಊರು

ಊರಿನ ದೊಡ್ಡ ಸಭಾಮನೆಯ ನಡುವೆ ಒಂದು ಅಗಲವಾದ ಮೇಜು. ಅದರ ಮೇಲೆ ಇಡೀ ಊರನ್ನು ಕಟ್ಟಿಗೆಯಲ್ಲಿ ಮಾಡಿ ಇಟ್ಟಿದ್ದರು. ಮನೆಗೊಂದು ಗಟ್ಟಿ ತುಂಡು, ಗಿಡಕ್ಕೆ ಹಸಿರು ಬಟ್ಟೆ, ಕಾಲುವೆಗೆ ಗಾಜು. ಮಂದಿ ತಮ್ಮ ತಮ್ಮ ಮನೆ ಹುಡುಕಿ ಬೆರಳಿಟ್ಟು ತೋರಿಸುತ್ತಿದ್ದರು. ಕೂಸು ಎತ್ತಿಕೊಂಡ ಹೆಂಗಸರು, ಹಾಲಿನವನು, ಪಾದ್ರಿ, ಎಲ್ಲರೂ ಬರುವರು. ಒಬ್ಬಾಕೆ ಸಾಲಿಯ ತುಂಡನ್ನು ಎತ್ತಿ ಕಾಲುವೆಯಿಂದ ದೂರ ಇಟ್ಟಳು, "ನನ್ನ ಮಗ ಈಸಲಿಕ್ಕ ಕಲತಿಲ್ಲ" ಅಂದಳು. ನಕಾಶೆ ಮಾಡುವ ಇಂಜಿನಿಯರನು ಬೈಯಲಿಲ್ಲ. ಆ ಜಾಗಕ್ಕೆ ಒಂದು ಗುಂಡುಸೂಜಿ ಚುಚ್ಚಿ, ಆಕೆಯ ಮಾತು ಬರೆದುಕೊಂಡ.

ನಾನು ಮಾಸ್ತರರಿಗೆ ಕೇಳಿಸಿದೆ, "ಇಲ್ಲಿ ಯಾರ ಮಾತು ನಡೀತದರೀ?"

ವಕೀಲರು ಮೂರು ತರಹ ತಿರುಗಿಸಿ ಕೇಳಿದರು. ಮಾಸ್ತರರಿಗೆ ಪ್ರಶ್ನೆಯೇ ತಿಳಿಯಲಿಲ್ಲ.

"ಹೋಗ್ಲಿ ಬಿಡ್ರಿ ಸಾವಕಾರ್ರ. ದೊಡ್ಡ ಮನಿ ಯಾವುದು ಅಂತ ಕೇಳಿದ್ರ ಅಂವಾ ಕಿಡಕಿ ಎಣಸ್ತಾನ" ಅಂದರು ವಕೀಲರು.

ನಮ್ಮ ಊರುಗಳಲ್ಲಿ ಇದನ್ನು ಕೇಳಬೇಕಾಗಿಯೇ ಇಲ್ಲ. ರಸ್ತೆಯ ಮೇಲೆ ನಡೆದು ನೋಡಿದರೆ ಸಾಕು. ಎಲ್ಲಿ ಸೊಟ್ಟ ಆಗಿದೆಯೋ ಅಲ್ಲಿ ಒಬ್ಬ ದೊಡ್ಡವರ ಕಟ್ಟೆ ಇರುತ್ತದೆ. ಎಲ್ಲಿ ಸೀದಾ ಹೋಗಿದೆಯೋ ಅಲ್ಲಿ ಕೇಳುವವರಿಲ್ಲದವರು ಇದ್ದರು ಅಂತ ತಿಳಿದುಕೊಳ್ಳಬೇಕು. ಅದಕ್ಕೇ ನನಗೆ ಖಾತ್ರಿ ಇತ್ತು, ಇಷ್ಟು ಮಂದಿಯ ಜೀವ ಉಳಿಸಿದ ಗ್ರೀತಾಬಾಯಿಗೆ ಒಡ್ಡು ಬಾಗಿಯೇ ಬಾಗುತ್ತದೆ.

ಇಂಜಿನಿಯರನು ಒಂದು ಅಗಲ ಹರಿವಾಣದಲ್ಲಿ ಜೇಡಿಮಣ್ಣಿನ ಒಡ್ಡು ಮಾಡಿಸಿದ್ದ. ಒಂದು ಸೀದಾ, ಒಂದು ಬಾಗಿದ್ದು. ನೀರು ಹಾಕಿ ಹಲಿಗೆಯಿಂದ ತೆರೆ ಎಬ್ಬಿಸಿದ. ಸೀದಾ ಇದ್ದದ್ದು ತಡೆಯಿತು. ಬಾಗಿದ್ದು ಬಾಗಿದ ಕಡೆಯೇ ಮೆತ್ತಗೆ ಕರಗಿ ಒಡೆಯಿತು. ಒಡೆದ ನೀರು ಹೋಗಿ ನಿಂತ ಜಾಗ ಕೆಳಗಿನ ಓಣಿ. ಕೋಬನ ಮನೆ ಇದ್ದದ್ದು ಅಲ್ಲಿಯೇ.

ಗ್ರೀತಾಬಾಯಿ ಅಂದಳು, "ಹರಿವಾಣದಾಗಿನ ನೀರಿಗೂ ಸಮುದ್ರಕ್ಕೂ ಫರಕ ಅದ. ಬಾಗಿದ ಕಡಿ ಕಲ್ಲ ಹಾಕ್ರಿ."

"ಹಾಕ್ತೀವಿ" ಅಂದ ಇಂಜಿನಿಯರ. "ಆದ್ರ ಎಷ್ಟ ಹಾಕಿದ್ರ ಸಾಕು ಅಂತ ನಂಗ ಗೊತ್ತಿಲ್ಲ. ಗೊತ್ತದ ಅಂತ ಸುಳ್ಳ ಹೇಳಂಗಿಲ್ಲ."

ಕೈ ಎತ್ತಿದ್ದು

ಕೂಡಿದ ದಿನ ಕುಂಡ್ರಲಿಕ್ಕೆ ಜಾಗ ಇರಲಿಲ್ಲ. ನಮ್ಮಿಬ್ಬರಿಗೆ ಗೋಡೆಯ ಹತ್ತಿರ ಕುರ್ಚಿ ಕೊಟ್ಟಿದ್ದರು. ಗ್ರೀತಾಬಾಯಿ ಮುಂದಿನ ಸಾಲಿನಲ್ಲಿ, ಟೊಪ್ಪಿಗೆಗೆ ಗಂಜಿ ಹಾಕಿ ಬಂದಿದ್ದಳು. ಎದ್ದು ನಿಂತು ಜೋರಾಗಿ ಮಾತಾಡಿದಳು. ಈ ಮನೆ ನನ್ನ ಗಂಡನ ಅಜ್ಜ ಕಟ್ಟಿಸಿದ್ದು. ನೀರು ಬಂದಾಗ ಇದು ನಿಂತಿತ್ತು. ನೀವು ಇದರ ಅಟ್ಟದ ಮೇಲೆ ಉಂಡಿರಿ, ಮಲಗಿದಿರಿ, ಇಂಥಾಕಿ ಅಲ್ಲಿಯೇ ಹಡೆದಳು. ಕಣ್ಣೀರು ಹಾಕಲಿಲ್ಲ, ಬೇಡಿಕೊಳ್ಳಲಿಲ್ಲ. ಬೈದ ಹಾಂಗೆ ಹೇಳಿ ಕುಂತಳು.

ಊರಿನ ಅಧ್ಯಕ್ಷರು ಎದ್ದು, ಒಡ್ಡು ಬಾಗಲಿ ಅನ್ನುವವರು ಕೈ ಎತ್ತಿರಿ ಅಂದರು. ಕೆಲವು ಕೈ ಎದ್ದವು. ಗ್ರೀತಾಬಾಯಿಯದು ಎಲ್ಲಕ್ಕಿಂತ ಎತ್ತರ. ಸೀದಾ ಹೋಗಲಿ ಅನ್ನುವವರು ಅಂದಾಗ ಮೊದಲು ಯಾವ ಕೈಯೂ ಏಳಲಿಲ್ಲ. ಆಮೇಲೆ ಅಟ್ಟದ ಮೇಲೆ ಹಡೆದ ಆ ಹೆಂಗಸು ಎತ್ತಿದಳು. ಹಾಲಿನವನು ಎತ್ತಿದ. ಒಂದೊಂದಾಗಿ ಗದ್ದೆಯಲ್ಲಿ ಪೈರು ಎದ್ದಂತೆ ಕೈಗಳು ಎದ್ದವು. ಚೀಟಿ ಇಲ್ಲ, ಪರದೆ ಇಲ್ಲ. ಆಕೆ ಹಿಂದೆ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಅವರೂ ಆಕೆಯನ್ನು ನೋಡುತ್ತಲೇ ಕೈ ಎತ್ತಿ ಹಿಡಿದಿದ್ದರು.

ಕೋಬ ಬಾಗಿಲ ಹತ್ತಿರ ನಿಂತಿದ್ದ, ಕೈಯಲ್ಲಿ ಟೊಪ್ಪಿಗೆ ತಿರುಗಿಸುತ್ತ. ನಾನು ಮನಸ್ಸಿನಲ್ಲಿ ಬೇಡಿಕೊಂಡೆ, ಶಿವನೇ, ಮಗ ಒಬ್ಬ ಎತ್ತದೆ ಇರಲಿ, ಉಳಿದವರು ಎತ್ತಿದ್ದಾರಲ್ಲ, ಸಾಕಾಯಿತಲ್ಲ. ಟೊಪ್ಪಿಗೆಯನ್ನು ಎಡಗೈಗೆ ಕೊಟ್ಟು ಆತ ಬಲಗೈ ಎತ್ತಿದ.

ಗ್ರೀತಾಬಾಯಿ ಅಧ್ಯಕ್ಷರ ಕಡೆ ತಿರುಗಿ ಏನೋ ಅಂದಳು. ವಕೀಲರು ಪಿಸುದನಿಯಲ್ಲಿ ಹೇಳಿದರು, "'ಎಣಸ್ರಿ, ಸರಿಯಾಗಿ ಎಣಸ್ರಿ' ಅನ್ಲಿಕ್ಕತ್ಯಾಳ."

ನಮ್ಮಲ್ಲಿ ಇಷ್ಟಾಗಿದ್ದರೆ ಮೂರು ತಲೆಮಾರು ಮಾತು ಬಿಡುತ್ತಿದ್ದರು. ಆ ಸಂಜೆಯ ಊಟಕ್ಕೆ ಹೋಗಲಿಕ್ಕೆ ನನಗೆ ಧೈರ್ಯ ಸಾಲದೆ ವಕೀಲರನ್ನೂ ಮಾಸ್ತರರನ್ನೂ ಜತೆಗೆ ಕರೆದುಕೊಂಡು ಹೋದೆ. ನೋಡಿದರೆ ಕೋಬ ದಿನದ ಹಾಂಗೆ ಕಟ್ಟಿಗೆ ಒಡೆಯುತ್ತಿದ್ದ. ಒಳಗೆ ಬಂದು ತನ್ನ ಜಾಗದಲ್ಲಿ ಕುಂತ. ಆಕೆ ಆತನ ತಾಟಿಗೆ ಆಲೂಗಡ್ಡೆ ಬಡಿಸಿದಳು. ಬಡಿಸಿ, ಸೌಟು ಕೈಯಲ್ಲೇ ಹಿಡಿದುಕೊಂಡು ಕೇಳಿದಳು:

"ಕೈ ಎತ್ತಲಿಕ್ಕ ಅಷ್ಟೊತ್ತು ಯಾಕ ಹಿಡೀತು? ಅಂಗಿ ಬಗಲಾಗ ಬಿಗಿ ಆಗ್ಯದೇನು?"

ಕೋಬ ತಲೆ ತಗ್ಗಿಸಿದ. "ಅವ್ವಾ, ಮಕ್ಕಳು ಕೆಳಗ ಮಲಗ್ತಾವ."

"ಗೊತ್ತದ" ಅಂದಳು. "ನಂಗೇನ ಗೊತ್ತಿಲ್ಲ ಅಂತ ತಿಳದಿಯೇನು? ಗೊತ್ತಿದ್ದೇ ಕೇಳಿದೆ. ಕೇಳೂದು ನನ್ನ ಹಕ್ಕು. ಉಣ್ಣು, ಆರತದ."

ಆಮೇಲೆ ಒಳಕೋಣೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಯಾರೂ ಕರೆಯಲಿಲ್ಲ.

ಮರುದಿನ ಆಕೆ ಸಭಾಮನೆಗೆ ಹೊರಟಾಗ ನಾನೂ ವಕೀಲರೂ ಹಿಂದೆ ಹೋದೆವು. ಆಕೆಗೆ ಹೊಸ ಮನೆಯ ಜಾಗವನ್ನು ಇಂಜಿನಿಯರನು ನಾದಿನಿಯ ಮನೆಯ ಪಕ್ಕದಲ್ಲಿ ತೋರಿಸಿದ್ದ.

"ಆಕಿ ಬಾಜು ಇರೂದಕಿಂತ ಸಮುದ್ರದಾಗ ಇರತೀನಿ" ಅಂದು ಗ್ರೀತಾಬಾಯಿ ತನ್ನ ಮನೆಯ ತುಂಡನ್ನು ಮುಷ್ಟಿಯಲ್ಲಿ ಹಿಡಿದು ಮೇಜಿನ ಸುತ್ತ ತಿರುಗಿದಳು. ಅಲ್ಲಿ ಇಟ್ಟು ನೋಡಿದಳು, ಇಲ್ಲಿ ಇಟ್ಟು ನೋಡಿದಳು. ಕಡೆಗೆ ರೊಟ್ಟಿ ಸುಡುವವನ ಅಂಗಡಿಯ ಪಕ್ಕ, ಒಡ್ಡು ಕಾಣುವ ಹಾಂಗೆ ಇಟ್ಟಳು. ಅದಕ್ಕೆ ಹುಡುಗರ ಆಟದ ಬಯಲು ಒಂದಿಷ್ಟು ಸರಿಯಬೇಕಾಯಿತು. ಅದಕ್ಕೆ ಸಾಲಿಯವರು ತಕರಾರು ತೆಗೆದರು. ತಕರಾರಿಗೂ ಒಂದು ಗುಂಡುಸೂಜಿ ಬಿತ್ತು. ನಾವು ಹೊರಡುವ ಮೊದಲು ಗೋಡೆಯ ಮೇಲಿನ ನಕಾಶೆಯಲ್ಲಿ ಗ್ರೀತಾಬಾಯಿಯ ಮನೆ ರೊಟ್ಟಿಯವನ ಪಕ್ಕದಲ್ಲಿ ಇತ್ತು. ನಾನು ಹತ್ತಿರ ಹೋಗಿ ಬೆರಳಿಟ್ಟು ನೋಡಿದೆ. ಮುದುಕಿ ಕೈಯಿಂದ ಇಟ್ಟದ್ದು ಮಸಿಯಲ್ಲಿ ಇಳಿದಿತ್ತು. ಸಮುದ್ರದ ತಳದಲ್ಲಿ ಗೋಧಿ ಬೆಳೆದದ್ದೂ ನನಗೆ ಇಷ್ಟು ದೊಡ್ಡದು ಅನ್ನಿಸಿರಲಿಲ್ಲ.

ಹೊರಡುವ ದಿನ

ಮುಂಜಾನೆ ವಕೀಲರೂ ಮಾಸ್ತರರೂ ನನ್ನನ್ನು ಕರೆಯಲಿಕ್ಕೆ ಬಂದರು. ನಾನು ಗಂಟು ಕಟ್ಟಿ ಗ್ರೀತಾಬಾಯಿಗೆ ಹೇಳಿ ಹೋಗೋಣ ಅಂತ ಹುಡುಕಿದರೆ ಆಕೆ ಅಡಿಗೆಮನೆಯಲ್ಲಿ ಇರಲಿಲ್ಲ. ಅಟ್ಟದಿಂದ ದನಿ ಕೇಳಿಸಿತು. ನಾವು ಮೂವರೂ ಹತ್ತಿದೆವು.

ಅಟ್ಟದ ನಡುವೆ ಏಣಿ ಹಚ್ಚಿ ಕೋಬ ಮೇಲೆ ನಿಂತಿದ್ದ. ಒಂದೊಂದು ಜಂತಿಯನ್ನೂ ಸುತ್ತಿಗೆಯಿಂದ ಬಡಿದು ಸಪ್ಪಳ ಕೇಳಿ, ಗಟ್ಟಿ ಇದ್ದದ್ದಕ್ಕೆ ಸುಣ್ಣದ ಗುರುತು ಮಾಡುತ್ತಿದ್ದ, ಹೊಸ ಮನೆಗೆ ಒಯ್ಯಲಿಕ್ಕೆ. ಕೆಳಗೆ ಅವ್ವ ಏಣಿ ಹಿಡಿದುಕೊಂಡಿದ್ದಳು. ಆತ ಬಡಿದಂತೆ ಆಕೆ ಗಟ್ಟಿಯಾಗಿ ಎಣಿಸುತ್ತಿದ್ದಳು. ಭಾಷೆ ಬಾರದಿದ್ದರೂ ಎಣಿಕೆ ಅನ್ನುವುದು ತಿಳಿಯುತ್ತದೆ.

ನಾನೂ ವಕೀಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರಿಗೂ ಒಂದೇ ಮಾತು ಹೊಳೆದಿತ್ತು. ಆಕೆ ನಮ್ಮ ಮುಖ ಕಂಡು, ಏನು, ಅಂತ ಗದ್ದ ಎತ್ತಿ ಕೇಳಿದಳು.

"ಹೇಳ್ರಿ ವಕೀಲಸಾಹೇಬ" ಅಂದೆ.

"ನೀವ ಹೇಳ್ರಿ, ನಾ ತಿರಗಿಸ್ತೀನಿ."

"ನಮ್ಮ ಕಡಿ ಒಂದ ಗಾದಿಮಾತ ಅದಬೇ. ಉಂಡ ಮನಿ ಜಂತಿ ಎಣಸಬಾರದು ಅಂತ. ಅನ್ನ ಹಾಕಿದವರಿಗಿ ಕೇಡ ಬಗೀಬಾರದು ಅಂದಂಗ."

ಮಾತು ವಕೀಲರನ್ನು ದಾಟಿ, ಮಾಸ್ತರರನ್ನು ದಾಟಿ ಆಕೆಯ ಹತ್ತಿರ ಹೋಯಿತು. ಕೋಬ ಮೇಲಿನಿಂದ ಕೇಳಿಸಿಕೊಂಡು ಸುತ್ತಿಗೆ ನಿಲ್ಲಿಸಿದ. ಆಕೆ ಮೇಲೆ ನೋಡಿದಳು. ಆ ಜಂತಿಗಳ ಕೆಳಗೆ ಉಂಡವರೆಲ್ಲ ಆಕೆಯ ಕಣ್ಣಿಗೆ ಬಂದರೋ ಏನೋ. ಆಮೇಲೆ ಏಣಿಯ ಒಂದು ಕಾಲು ಬಿಟ್ಟು ಸ್ವಲ್ಪ ಸರಿದು ನಿಂತಳು.

"ಎಣಸಲಿಲ್ಲಂದ್ರ ಹೊಸಾ ಮನಿಗಿ ಎಷ್ಟ ಸಾಲತಾವ ಅಂತ ಹ್ಯಾಂಗ ತಿಳೀಬೇಕು? ನೀನೂ ಉಂಡೀದಿ. ಬಾ, ಈ ಕಡಿ ಹಿಡಿ, ಶಿವಾ."

ಮೋಟಾರು ಹೊರಗೆ ಕೂಗುತ್ತಿತ್ತು. ನಾನು ರುಮಾಲು ತೆಗೆದು ಗಂಟಿನ ಮೇಲೆ ಇಟ್ಟು ಏಣಿ ಹಿಡಿದೆ. ನಮ್ಮ ಮಾತಿನಿಂದ ಅವರ ಎಣಿಕೆ ತಪ್ಪಿತ್ತು, ಕೋಬ ಮೊದಲನೆಯ ಜಂತಿಗೆ ವಾಪಸ್ ಹೋಗಿ ಸುತ್ತಿಗೆ ಬಡಿದ. ಆಕೆ ತನ್ನ ಭಾಷೆಯಲ್ಲಿ ಒಂದು ಅಂದಳು. ಮತ್ತೆ ಬಡಿದ, ಎರಡು ಅಂದಳು. ಮೂರನೆಯದಕ್ಕೆ ನನ್ನ ಬಾಯಿಂದಲೂ ಬಂತು, ಕನ್ನಡದಾಗ.